ಮದ್ಲ ಓದು, ಆಮ್ಯಾಲೆ ಬರಿ

ಪುಣೆಯ ಕೋಥ್ರೂಡಿನಲ್ಲಿ ಧಾರವಾಡ ಕಡೆಯಿಂದ ಬಂದು ನೆಲೆಸಿದ ಒಂದು ಕುಟುಂಬವಿದೆ. ಅವರ ಮನೆಯ ಟಿವಿಯ ಪಕ್ಕದಲ್ಲಿ, ಕಪಾಟಿನ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿದ ಒಂದು ಬಿಳಿ ಡಬ್ಬಿ. ಅದು ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಕನ್ಸೋಲ್. 2009ರಲ್ಲಿ ನ್ಯೂಜೆರ್ಸಿಯಿಂದ ರಜೆಗೆ ಬಂದ ಮಗ ಸೂಟ್‌ಕೇಸಿನಲ್ಲಿ ತಂದದ್ದು. ಅಮೆರಿಕದ ಅಡಾಪ್ಟರು 120 ವೋಲ್ಟಿನದು, ಇಲ್ಲಿನ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಡಬ್ಬಿಯ ಹಿಂದೆ ಅದಕ್ಕಿಂತ ಭಾರದ ಒಂದು ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುತ್ತಾ ಕೂತಿರುತ್ತಿತ್ತು.

ಮಕ್ಕಳಿಗೆಂದು ಬಂದ ಡಬ್ಬಿಯನ್ನು ಆಡಿದ್ದು ಅಜ್ಜ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಅವರು ಸಂಜೆ ಚಹಾ ಆದ ಮೇಲೆ ರಿಮೋಟಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಅಜ್ಜಿಯ ಎದುರು ಬೌಲಿಂಗ್ ಆಡುತ್ತಿದ್ದರು. ಪರದೆಯ ಮೇಲೆ ಚಷ್ಮಾ ಹಾಕಿದ, ಬೋಳುತಲೆಯ ಗೊಂಬೆಯಾಗಿ ಅವರು, ಕುಂಕುಮವಿಲ್ಲದ ಗೊಂಬೆಯಾಗಿ ಅಜ್ಜಿ. ಗೊಂಬೆ ಮಾಡುವ ಜಾಗದಲ್ಲಿ ಕುಂಕುಮಕ್ಕೆ ಅವಕಾಶವಿರಲಿಲ್ಲ ಎಂದು ಅಜ್ಜಿಗೆ ಕೊನೆಯವರೆಗೂ ಅಸಮಾಧಾನ. ಆಟ ಮುಗಿದ ಮೇಲೆ ಅಜ್ಜ ತಪ್ಪದೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದರು. ಕರೆಂಟು ಸುಮ್ಮನೆ ಯಾಕೆ ಸುಡಬೇಕು? 2021ರಲ್ಲಿ ಅಜ್ಜ ತೀರಿಕೊಂಡರು. ಡಬ್ಬಿಯ ಮೇಲೆ ಅಜ್ಜಿ ಕಸೂತಿಯ ಒಂದು ಬಟ್ಟೆ ಹೊದಿಸಿದರು.

ಮೂರು ವರ್ಷದ ನಂತರ, ಮೇ ತಿಂಗಳ ರಜೆಯಲ್ಲಿ, ಮಗಳ ಮಗ ಆ ಬಟ್ಟೆ ತೆಗೆದ. ಹುಡುಗನಿಗೆ ಹದಿನಾರು. ಡಿಸ್ಕ್ ಹಾಕಿದರೆ ಯಂತ್ರ ಓದಲಿಲ್ಲ. ಒಳಗಿನ ಲೇಸರು ಸತ್ತಿತ್ತು. ಆದರೆ ಡಿಸ್ಕಿನ ಆಟಗಳನ್ನು ನಕಲು ಮಾಡಿ ಹಾರ್ಡ್ ಡಿಸ್ಕಿನಿಂದ ಆಡುವ ದಾರಿ ಇದೆಯೆಂದು ಅವನು ತಿಳಿದುಕೊಂಡಿದ್ದ. ಅದಕ್ಕೆ ಕನ್ಸೋಲಿನ ಒಳಗೆ ಒಂದಿಷ್ಟು ಹೊಸ ಪ್ರೋಗ್ರಾಮು ಸೇರಿಸಬೇಕು. ಸೇರಿಸಲು ಬಾಗಿಲೂ ಇತ್ತು: ವೀ ಯಂತ್ರದ ಮೆಸೇಜ್ ಬೋರ್ಡ್.

ಮೆಸೇಜ್ ಬೋರ್ಡ್ ಎಂದರೆ ಮೆನುವಿನಲ್ಲಿರುವ ದಿನದರ್ಶಿಕೆ. ಮನೆಯವರು ಯಾರು ಬೇಕಾದರೂ ಅವತ್ತಿನ ತಾರೀಖಿಗೆ ಒಂದು ಚೀಟಿ ಅಂಟಿಸಬಹುದು. ಅದರ ಜೊತೆಗೆ ಯಂತ್ರವೂ ಪ್ರತಿದಿನ ತಾನಾಗಿಯೇ ಬರೆದಿಡುತ್ತದೆ, ಇವತ್ತು ಯಾವ ಆಟವನ್ನು ಎಷ್ಟು ಹೊತ್ತು ಆಡಿದರು ಎಂದು. ಈ ಬೋರ್ಡಿನಲ್ಲಿ ಒಂದು ತಪ್ಪಿರುವುದನ್ನು ಹೊರಗಿನ ತಂತ್ರಜ್ಞರು ಪತ್ತೆ ಮಾಡಿ, 2011ರಲ್ಲಿ ಲೆಟರ್‌ಬಾಂಬ್ ಎಂಬ ಉಪಾಯ ಹೊರಡಿಸಿದರು. ಆಯಾ ಕನ್ಸೋಲಿನ ನೆಟ್‌ವರ್ಕ್ ಸಂಖ್ಯೆಗೆ ಹೊಂದುವಂತೆ ತಯಾರಿಸಿದ ಒಂದು ಪತ್ರವನ್ನು ಎಸ್‌ಡಿ ಕಾರ್ಡಿನಲ್ಲಿ ಹಾಕಿ ತೂರಿಸಿದರೆ ಬೋರ್ಡಿನಲ್ಲಿ ಬಾಂಬಿನ ಚಿತ್ರವುಳ್ಳ ಲಕೋಟೆ ಕಾಣುತ್ತದೆ. ಒಡೆದರೆ ಹೊರಗಿನ ಪ್ರೋಗ್ರಾಮು ಓಡತೊಡಗುತ್ತದೆ.

ಹುಡುಗ ಕಾರ್ಡು ತೂರಿಸಿ ಬೋರ್ಡ್ ತೆರೆದ. ಬಾಂಬು ಇರಲಿಲ್ಲ. ತಾರೀಖು ನೋಡಿದರೆ 2000ನೇ ಇಸವಿ ಜನವರಿ 1. ಆ ದಿನದ ಹಾಳೆಯ ಮೇಲೆ ಒಂಬತ್ತು ಲಕೋಟೆಗಳು.

"ಅಮ್ಮಾ, ಇಲ್ಲಿ ಬಾ. ಅಜ್ಜ ಏನೋ ಬರದಾರ."

ತಾರೀಖಿನ ಗುಟ್ಟು ಆಮೇಲೆ ತಿಳಿಯಿತು. ವೀ ಒಳಗಿನ ಗಡಿಯಾರವನ್ನು ನಡೆಸುವುದು ಬಿಲ್ಲೆಯಾಕಾರದ ಒಂದು ಸಣ್ಣ ಬ್ಯಾಟರಿ. ಗೋಡೆಯ ಸ್ವಿಚ್ಚು ಆರಿದಾಗೆಲ್ಲ ಗಡಿಯಾರದ ಭಾರ ಅದರ ಮೇಲೆ. ಅಜ್ಜನ ಮಿತವ್ಯಯದಿಂದಾಗಿ ಅದು ಬೇಗ ಬರಿದಾಗಿತ್ತು. ಬರಿದಾದ ಮೇಲೆ, ಸ್ವಿಚ್ಚು ಹಾಕಿದಾಗೆಲ್ಲ ಯಂತ್ರಕ್ಕೆ ಅದು 2000ದ ಮೊದಲ ದಿನವೇ. ಎಷ್ಟೋ ಸಂಜೆಗಳಲ್ಲಿ ಬರೆದ ಚೀಟಿಗಳು ಹೀಗೆ ಒಂದೇ ದಿನದ ಮೇಲೆ ರಾಶಿ ಬಿದ್ದಿದ್ದವು.

ತಾಯಿ ಮೊದಲು ಮಾಡಿದ್ದು, ಯಾರಾದರೂ ಮಾಡುವಂತೆ, ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದದ್ದು. ಮುಂದಿನ ಕೆಲಸಕ್ಕೆ ಹುಡುಗ ಕೈ ಹಾಕುವಷ್ಟರಲ್ಲಿ ತಡೆದರು. ಆ ಹೊಸ ಪ್ರೋಗ್ರಾಮು ಎಲ್ಲಿ ಹೋಗಿ ಕೂರುತ್ತದೆ? ಅಜ್ಜನ ಚೀಟಿ ಇರುವಲ್ಲೇ. ಎಡವಟ್ಟಾದರೆ? ಯಂತ್ರ ಇಟ್ಟಿಗೆ ಆಗುತ್ತದೆ. ಚೀಟಿ? ಅವೂ ಅದರೊಳಗೇ. ತಾಯಿಯೂ ಬ್ಯಾಂಕಿನವರೇ. ಮೂಲ ಕಾಗದವನ್ನು ಕೈಯಿಂದ ಬಿಡುವ ಮೊದಲು ದೃಢೀಕರಿಸಿದ ನಕಲು ಇಟ್ಟುಕೋ ಎಂದು ಅವರಿಗೆ ಕಲಿಸಿದ್ದು ಅಜ್ಜನೇ.

"ಮದ್ಲ ಓದು, ಆಮ್ಯಾಲೆ ಬರಿ," ಅಂದರು.

ಹುಡುಗ ನೋಡಿದ್ದ ವಿಡಿಯೊದವನು ಈ ಹೆಜ್ಜೆಯನ್ನು ಹೊತ್ತು ಹಿಡಿಯುತ್ತದೆಂದು ಹಾರಿಸಿಬಿಟ್ಟಿದ್ದ.

ಓದುವುದಕ್ಕೂ ಬರೆಯುವುದಕ್ಕೂ ಇರುವ ಅಂತರ ಈ ಚಿಪ್ಪುಗಳಲ್ಲಿ ದೊಡ್ಡದು. ವೀ ಒಳಗಿರುವುದು 512 ಮೆಗಾಬೈಟಿನ ನ್ಯಾಂಡ್ ಫ್ಲಾಶ್. ಫ್ಲಾಶ್ ಮೆಮೊರಿ ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ ಅವರ ಸಂಶೋಧನೆ. 1984ರಲ್ಲಿ ಅದರ ಒಂದು ರೂಪವನ್ನು, 1987ರಲ್ಲಿ ನ್ಯಾಂಡ್ ರೂಪವನ್ನು ಅವರು ಜಗತ್ತಿನ ಮುಂದಿಟ್ಟರು. ಸುತ್ತಲೂ ವಿದ್ಯುತ್ ಹರಿಯದ ಪದರವಿರುವ ಪುಟ್ಟ ಕೋಣೆಯಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದು ಅದರ ತತ್ವ. ಕೋಣೆ ಖಾಲಿಯಿದ್ದರೆ ಒಂದು, ತುಂಬಿದ್ದರೆ ಸೊನ್ನೆ. ಕರೆಂಟು ಹೋದರೂ ಎಲೆಕ್ಟ್ರಾನುಗಳು ಅಲ್ಲೇ ಇರುತ್ತವೆ.

ಅಳಿಸಿದ ಚಿಪ್ಪಿನ ತುಂಬ ಒಂದುಗಳೇ. ಬರೆಯುವುದೆಂದರೆ ಬೇಕಾದ ಕಡೆ ಒಂದನ್ನು ಸೊನ್ನೆ ಮಾಡುವುದು. ಬಸ್ಸಿನ ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆದ ಹಾಗೆ. ಹೊಡೆದ ತೂತನ್ನು ಮುಚ್ಚಲಾಗದು, ಹೊಸ ಟಿಕೆಟ್ಟೇ ಬೇಕು. ವೀ ಚಿಪ್ಪಿನಲ್ಲಿ ಓದುವುದೂ ಬರೆಯುವುದೂ ಪುಟದ ಲೆಕ್ಕದಲ್ಲಿ. ಒಂದು ಪುಟಕ್ಕೆ 2,048 ಬೈಟು, ಜೊತೆಗೆ ತಪ್ಪು ತಿದ್ದುವ ಲೆಕ್ಕಗಳಿಗೆಂದು ಅಂಚಿನಲ್ಲಿ 64 ಬೈಟು. ಅಳಿಸುವುದು ಮಾತ್ರ ಬ್ಲಾಕಿನ ಲೆಕ್ಕದಲ್ಲಿ, 64 ಪುಟಗಳನ್ನು ಒಟ್ಟಿಗೆ. ಒಂದು ಅಕ್ಷರ ತಿದ್ದಬೇಕಾದರೂ ಅದನ್ನು ತಿದ್ದಿ ಬೇರೆ ಕಡೆ ಹೊಸದಾಗಿ ಬರೆದು, ಹಳೆಯ ಬ್ಲಾಕನ್ನು ಯಾವಾಗಲೋ ಪೂರ್ತಿ ಒರೆಸಬೇಕು. ನಡುವೆ ಕರೆಂಟು ಹೋದರೆ, ಪ್ರೋಗ್ರಾಮು ತಪ್ಪಿದರೆ, ಸಂಬಂಧವೇ ಇಲ್ಲದ ನೆರೆಯ ಪುಟಗಳೂ ಹೋಗಬಹುದು.

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತಾರೆ. ಹಳೆಯ ಕಡತ ಬಟ್ಟೆಯದು. ಹುಣಿಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮಠಗಳ, ಸಾಹುಕಾರರ ಲೆಕ್ಕವೆಲ್ಲ ಅದರಲ್ಲಿ. ಅಲ್ಲಿ ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಒರೆಸಿ ಬರೆಯಬಹುದಿತ್ತು. ಆ ಸೌಕರ್ಯ ಈ ಹೊಸ ಕಡತಗಳಿಗಿಲ್ಲ.

ಓದುವುದರಿಂದ ಚಿಪ್ಪಿಗೆ ಅಂಥ ಅಪಾಯವೇನೂ ಇಲ್ಲ. ಓದದೆ ಬಿಡುವುದರಿಂದ ಇದೆ. ಕೂಡಿಹಾಕಿದ ಎಲೆಕ್ಟ್ರಾನುಗಳು ವರ್ಷಗಳಲ್ಲಿ ನಿಧಾನವಾಗಿ ಸೋರುತ್ತವೆ. ತಯಾರಕರ ಕೈಪಿಡಿಗಳಲ್ಲಿ ಇಂಥ ಚಿಪ್ಪುಗಳಿಗೆ ಸಾಮಾನ್ಯವಾಗಿ ಕಾಣುವ ಭರವಸೆ 10 ವರ್ಷ. ಅಜ್ಜನ ಯಂತ್ರಕ್ಕೆ ಹದಿನೈದು ಕಳೆದಿತ್ತು. ಅಲ್ಲೊಂದು ಇಲ್ಲೊಂದು ಬಿಟ್ಟು ತಪ್ಪಿದರೆ ಅಂಚಿನ ಲೆಕ್ಕ ನೋಡಿ ತಿದ್ದಬಹುದು, ಒಂದೇ ಕಡೆ ಹಲವು ತಪ್ಪಿದರೆ ತಿದ್ದಲಾಗದು. ಕಸೂತಿ ಬಟ್ಟೆಯ ಕೆಳಗೆ ಭದ್ರವಾಗಿದೆ ಎಂದುಕೊಂಡದ್ದು ಅಷ್ಟೇನೂ ಭದ್ರವಾಗಿರಲಿಲ್ಲ.

ಹಾಗಾದರೆ ಡಬ್ಬಿ ಬಿಚ್ಚಿ, ಚಿಪ್ಪನ್ನೇ ಕಿತ್ತು, ಓದುವ ಸಾಧನಕ್ಕೆ ಹಾಕಿದರಾಗದೇ? ಆಗುತ್ತದೆ, ಆದರೆ ಸಿಗುವುದು ಅರ್ಥವಿಲ್ಲದ ಬೈಟುಗಳ ರಾಶಿ. ವೀ ತನ್ನ ಫೈಲುಗಳನ್ನು ಗೂಢಲಿಪಿಯಲ್ಲಿ ಬರೆಯುತ್ತದೆ. ಅದರ ಕೀಲಿ ಇರುವುದು ಬೇರೆ ಚಿಪ್ಪಿನಲ್ಲಿ, ಕಾರ್ಖಾನೆಯಲ್ಲಿ ಒಮ್ಮೆ ಬರೆದರೆ ಮತ್ತೆ ಬದಲಿಸಲಾಗದ 128 ಬೈಟಿನ ಒಂದು ಮೂಲೆಯಲ್ಲಿ. ಒಂದೊಂದು ಯಂತ್ರಕ್ಕೂ ಕೀಲಿ ಬೇರೆ. ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ವೀ ಮಾರಾಟವಾಗಿವೆ. ಅಜ್ಜನ ಚಿಪ್ಪನ್ನು ಅವುಗಳಲ್ಲಿ ಬೇರೆ ಯಾವುದಕ್ಕೆ ಹಾಕಿದರೂ ಅದು ಓದದು. ಪೆಟ್ಟಿಗೆಯೂ ಕೀಲಿಯೂ ಒಂದೇ ಬೋರ್ಡಿನ ಮೇಲಿದ್ದು, ಎರಡೂ ಜೀವಂತ ಇರುವಾಗಲೇ ಓದಿಟ್ಟುಕೊಳ್ಳಬೇಕು.

ಈ ಕೀಲಿಗಳ ವಿಷಯ ಹೊರಬಿದ್ದದ್ದು ಒಂದು ಚಿಮಟದಿಂದ. ವೀ ತನ್ನ ಹಿಂದಿನ ಕನ್ಸೋಲಾದ ಗೇಮ್‌ಕ್ಯೂಬಿನ ಆಟಗಳನ್ನೂ ಆಡಿಸುತ್ತದೆ. ಆಗ ಅದು ಹಳೆಯ ಯಂತ್ರದ ವೇಷ ಹಾಕಿಕೊಂಡು, ಹೆಚ್ಚಿನ ಮೆಮೊರಿಯ ಒಂದು ಸಣ್ಣ ಭಾಗವನ್ನು ಮಾತ್ರ ಆಟದ ಕೈಗೆ ಕೊಡುತ್ತದೆ. ಉಳಿದ ಭಾಗದಲ್ಲಿ ವೀ ತಾನು ಬಿಟ್ಟುಹೋದದ್ದನ್ನು ಒರೆಸಿರುವುದಿಲ್ಲ. ಒಂದು ಗುಂಪು ಆ ಮೆಮೊರಿಯ ವಿಳಾಸದ ಗೆರೆಗಳನ್ನು ಚಿಮಟದಿಂದ ಸೇರಿಸಿ, ಮುಚ್ಚಿದ ಭಾಗ ಕಿಟಕಿಯೊಳಗೆ ಸರಿದು ಬರುವಂತೆ ಮಾಡಿ, ಬಿಟ್ಟುಹೋದದ್ದನ್ನು ಓದಿ ಕೀಲಿಗಳನ್ನು ಹೊರತೆಗೆಯಿತು. 2007ರ ಡಿಸೆಂಬರಿನಲ್ಲಿ ಬರ್ಲಿನ್‌ನ ಕೇಯಾಸ್ ಕಮ್ಯೂನಿಕೇಷನ್ ಕಾಂಗ್ರೆಸ್ಸಿನಲ್ಲಿ ಇದನ್ನು ತೋರಿಸಿದರು. ಚಿಮಟದ ಇಂಗ್ಲಿಷ್ ಹೆಸರನ್ನೇ ತಿರುಚಿ ಗುಂಪು ತನ್ನನ್ನು ಟೀಮ್ ಟ್ವೀಜರ್ಸ್ ಎಂದು ಕರೆದುಕೊಂಡಿತು. ಫ್ಲಾಶ್ ಪೂರ್ತಿಯನ್ನು ನಕಲು ತೆಗೆಯುವ ಬೂಟ್‌ಮೀ ಎಂಬ ಪ್ರೋಗ್ರಾಮೂ ಇವರದೇ.

ಅಂದು ರಾತ್ರಿ ಊಟವಾದ ಮೇಲೆ ತಾಯಿ, ಮಗ ಟಿವಿಯ ಮುಂದೆ ಕೂತರು. ಮೊದಲು ತಾರೀಖು ಸರಿಪಡಿಸಿದರು. ಬೋರ್ಡಿನಲ್ಲಿ ಹಿಂದಿನ ದಿನಕ್ಕೆ ಸರಿದಾಗ ಬಾಂಬಿನ ಲಕೋಟೆ ಕಂಡಿತು. ಇಲ್ಲಿ ಒಂದು ತೊಡಕಿತ್ತು, ಅದನ್ನು ಹುಡುಗ ಮುಚ್ಚಿಡಲಿಲ್ಲ. ಓದಬೇಕಾದರೂ ಬೂಟ್‌ಮೀಯನ್ನು ಒಳಗೆ ಕೂರಿಸಬೇಕು, ಅಂದರೆ ಒಂದಿಷ್ಟು ಬರೆಯಲೇಬೇಕು. ಹಳೆಯ ವೀಗಳಲ್ಲಿ ಅದನ್ನು ಯಂತ್ರ ಎದ್ದೇಳುವ ಮೊದಲ ಹೆಜ್ಜೆಗಳಲ್ಲೇ ಕೂರಿಸಬಹುದಿತ್ತು. ಮುಂದೆ ಮೆನು ಹಾಳಾದರೂ ಆ ಬಾಗಿಲು ತೆರೆದಿರುತ್ತದೆ. ಆಮೇಲಿನ ವೀಗಳಲ್ಲಿ ಕಂಪನಿ ಆ ದಾರಿ ಮುಚ್ಚಿತು. ಅಜ್ಜನದು ಆಮೇಲಿನದು. ಬೂಟ್‌ಮೀ ಒಳಗಿನ ಕೋಣೆಯಲ್ಲಿ ಮಾತ್ರ ಕೂರಬಲ್ಲದು, ಮೆನು ಹೋದರೆ ಅದನ್ನು ತಲುಪುವ ದಾರಿಯೂ ಹೋಯಿತು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಇಷ್ಟ ಬರದ್ರ ಸಾಕೇನು?" ಇಷ್ಟೇ. "ಹಂಗಾದ್ರ ಬರಿ. ಲೈಟ್ ಹೋಗಬಾರದು ಅಷ್ಟ." ಟ್ರಾನ್ಸ್‌ಫಾರ್ಮರಿನ ವಯರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಚುಚ್ಚಿದರು.

ಬೂಟ್‌ಮೀ ಬಂದ ಮೇಲೆ ವೀ ರಿಮೋಟು ಕೆಲಸ ಮಾಡುವುದಿಲ್ಲ. ಡಬ್ಬಿಯ ಮುಖದ ಮೇಲಿನ ಪವರ್ ಗುಂಡಿಯಿಂದ ಮುಂದಕ್ಕೆ ಸರಿಯಬೇಕು, ರೀಸೆಟ್ ಗುಂಡಿಯಿಂದ ಆರಿಸಬೇಕು. ಹುಡುಗ ಮಂಡಿಯೂರಿ ಕೂತು ಒತ್ತಿದ. ಒಟ್ಟು 4,096 ಬ್ಲಾಕುಗಳನ್ನು ಯಂತ್ರ ಒಂದೊಂದಾಗಿ ಓದಿ ಕಾರ್ಡಿಗೆ ಇಳಿಸತೊಡಗಿತು. ನಡುವೆ ಕೆಟ್ಟ ಬ್ಲಾಕುಗಳ ಎಣಿಕೆ ಏರಿದಾಗ ತಾಯಿಯ ಎದೆ ಧಸಕ್ಕೆಂದಿತು. ಕಾರ್ಖಾನೆಯಿಂದ ಬರುವಾಗಲೇ ಇಂಥ ಚಿಪ್ಪುಗಳಲ್ಲಿ ಕೆಲವು ಬ್ಲಾಕು ಕೆಟ್ಟಿರುತ್ತವೆ, ಅವನ್ನು ಗುರುತು ಹಾಕಿ ಯಂತ್ರವೇ ಬಳಸದೆ ಬಿಡುತ್ತದೆ. ಹುಡುಗ ಹೇಳಿದ, ಅಕ್ಕಿಯಲ್ಲಿ ನುಚ್ಚಿದ್ದ ಹಾಗೆ. ಆಮೇಲೆ ಯಂತ್ರ ಮೂಲವನ್ನೂ ನಕಲನ್ನೂ ಹೋಲಿಸಿ ನೋಡುವ ಹಂತ. ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ತಾಯಿ ಬಿಡಗೊಡಲಿಲ್ಲ. ದೃಢೀಕರಿಸದ ನಕಲು ನಕಲೇ ಅಲ್ಲ.

ಕೊನೆಗೆ ಕಾರ್ಡಿನಲ್ಲಿ ಎರಡು ಫೈಲು. ಒಂದು ಚಿಪ್ಪಿನ ಪೂರ್ತಿ ಪ್ರತಿ, 55,36,49,152 ಬೈಟು. ಇನ್ನೊಂದು ಕೀಲಿಗಳದು, 1,024 ಬೈಟು. ಎರಡನ್ನೂ ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ಹಾಕಿದರು. ಪೆನ್‌ಡ್ರೈವ್ ಅಜ್ಜನ ಫಿಕ್ಸೆಡ್ ಡೆಪಾಸಿಟ್ ರಸೀದಿಗಳಿದ್ದ ಸ್ಟೀಲಿನ ಡಬ್ಬಿಗೆ ಹೋಯಿತು.

ಇದು ಕಳ್ಳತನವೇ ಎಂಬ ಪ್ರಶ್ನೆ ತಾಯಿಯದಾಗಿತ್ತು. ಅಮೆರಿಕದ 1998ರ ಕಾಯ್ದೆ ಇಂಥ ಬೀಗಗಳನ್ನು ದಾಟುವುದನ್ನೇ, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಉದ್ದೇಶವನ್ನು ಕೇಳುತ್ತದೆ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ದಾಟಿದರೆ ಅಪರಾಧ. ಕಾನೂನುಬದ್ಧವಾಗಿ ಕೈಯಲ್ಲಿರುವ ಪ್ರೋಗ್ರಾಮು ಹಾಳಾಗದಂತೆ ಕಾಪು ಪ್ರತಿ ಇಟ್ಟುಕೊಳ್ಳಲು 52ನೇ ಕಲಮಿನಲ್ಲಿ ಅವಕಾಶವಿದೆ. ಹುಡುಗ ಪುಕ್ಕಟೆಯಾಗಿ ಸಿಗುವ ಬೇರೆ ಆಟಗಳ ಪಟ್ಟಿಯನ್ನೂ ಮಾಡಿಕೊಂಡಿದ್ದ. ಅದನ್ನು ತಾಯಿ ಹರಿದುಹಾಕಿದರು. ಮನೆಯಲ್ಲಿರುವ ನಾಲ್ಕು ಡಿಸ್ಕು ಸಾಕು. ಇನ್ನು ಆ ಒಂಬತ್ತು ಚೀಟಿಗಳ ಕೃತಿಸ್ವಾಮ್ಯ ಯಾವ ಕಂಪನಿಯದೂ ಅಲ್ಲ. ಬರೆದವರು ತೀರಿಕೊಂಡ ಮೇಲೆ ಅದು ಅವರ ವಾರಸುದಾರರದು.

ಡಾಲ್ಫಿನ್ ಎಂಬ ಪ್ರೋಗ್ರಾಮು ಕಂಪ್ಯೂಟರನ್ನು ವೀ ಯಂತ್ರದಂತೆ ನಡೆಸುತ್ತದೆ. ಬೂಟ್‌ಮೀ ತೆಗೆದ ಪ್ರತಿಯನ್ನು ಅದಕ್ಕೆ ಕೊಟ್ಟರೆ ಅದೇ ಮೆನು, ಅದೇ ದಿನದರ್ಶಿಕೆ ಎದ್ದು ಬರುತ್ತದೆ. ಮರುದಿನ ಬೆಳಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಚೀಟಿಗಳು ತೆರೆದವು. ವೀ ಯಂತ್ರದಲ್ಲಿ ಕನ್ನಡದ ಕೀಲಿಮಣೆ ಇಲ್ಲ. ಅಜ್ಜ ರಿಮೋಟಿನಿಂದ ಒಂದೊಂದೇ ಅಕ್ಷರಕ್ಕೆ ಗುರಿಯಿಟ್ಟು, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದಿದ್ದರು.

ಹುಡುಗ ಪುಣೆಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡುತ್ತಾನೆ, ಲಿಪಿ ಬಾರದು, ಶಾಲೆಯಲ್ಲಿ ಕಲಿತದ್ದು ಮರಾಠಿ. ಒಂದು ಚೀಟಿಯ ಮೊದಲೆರಡು ಮಾತುಗಳನ್ನು ಅವನು "ಮಣಿ ಕಳಿ" ಎಂದು ಓದಿದ. ಮರಾಠಿಯಲ್ಲಿ ಮಣಿ, ಮೊಗ್ಗು. ಅಜ್ಜ ಹೂವಿನ ಬಗ್ಗೆ ಯಾಕೆ ಬರೆದರು ಎಂದು ಅವನಿಗೆ ತಿಳಿಯಲಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಹ್ರಸ್ವ ದೀರ್ಘ ಒಂದೇ, ಲ ಳ ಒಂದೇ. ತಾಯಿ ಒಮ್ಮೆ ನೋಡಿದ ಕೂಡಲೇ ಓದಿದರು: "ಮನಿ ಖಾಲಿ. ಒಬ್ಬನ ಆಡಿದೆ." ಆ ವರ್ಷ ಅಜ್ಜಿ ಬಾಣಂತನಕ್ಕೆಂದು ನ್ಯೂಜೆರ್ಸಿಯ ಸೊಸೆಯ ಹತ್ತಿರ ಹೋಗಿದ್ದರು. ಮಗಳಿಗೆ ಆಫೀಸು, ಮೊಮ್ಮಗನಿಗೆ ಶಾಲೆ.

ಮಿಕ್ಕ ಚೀಟಿಗಳೂ ಉದ್ದವಲ್ಲ. "ಇವತ್ತು ನಾಲ್ಕು ಸ್ಟ್ರೈಕ್." "ಡಾಕ್ಟರ್ ಬ್ಯಾಡ ಅಂದಾರ. ಒಂದ ಆಟ." "ಎಡಗೈಲೆ ಆಡಿದೆ, ಬರ್ತದ." ಒಂದರಲ್ಲಿ: "ತಾರೀಖು ತಪ್ಪು ತೋರಸ್ತದ. ಮಗಳಿಗೆ ಹೇಳಬೇಕು." ಅವರು ಹೇಳಿರಲಿಲ್ಲ. ಹೇಳಲು ಹೊರಟಾಗ ಮಗಳು ಫೋನಿನಲ್ಲಿ ಇದ್ದಿರಬಹುದು. ತಾಯಿ ಅದನ್ನು ಎರಡು ಸಲ ಓದಿ, ಎದ್ದು ಹೋಗಿ ಕುಕ್ಕರಿನ ಗ್ಯಾಸು ಸಣ್ಣ ಮಾಡಿ ಬಂದರು.

ಅಜ್ಜಿಗೆ ಕನ್ನಡ, ಮರಾಠಿ ಎರಡೂ ಓದಲು ಬರುತ್ತದೆ, ಇಂಗ್ಲಿಷ್ ಲಿಪಿ ಬಾರದು. ಟಿವಿಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಿದರೂ ಈ ಚೀಟಿಗಳು ಅವರಿಂದ ಮರೆಯಾಗಿಯೇ ಇದ್ದವು. ಅಜ್ಜನಿಗೆ ಅದು ಗೊತ್ತಿತ್ತು. ಎಂಟನೆಯ ಚೀಟಿ: "ಆಕಿ ಗೆದ್ದಳು. ನಾ ಬೇಕಂತ ಸೋತೆ. ಹೇಳಬ್ಯಾಡ್ರಿ." ಓದಬೇಕೋ ಬೇಡವೋ ಎಂದು ತಾಯಿ, ಮಗ ಮುಖ ಮುಖ ನೋಡಿಕೊಂಡರು. ಹುಡುಗ ಓದಿಬಿಟ್ಟ.

ಅಜ್ಜಿ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಸುಳ್ಳ ಅದು. ಖರೇನ ಸೋತಿದ್ರು. ಸೋತಾಗೆಲ್ಲಾ ಹಿಂಗ ಅಂತಿದ್ರು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಓದು," ಅಂದರು.

ಆ ವಾರ ಹುಡುಗ ತನ್ನ ಕೆಲಸವನ್ನೂ ಮುಗಿಸಿದ. ಬೇಕಾದ ಪ್ರೋಗ್ರಾಮು ಬರೆದ, ಮನೆಯ ಡಿಸ್ಕುಗಳ ನಕಲು ಹಾರ್ಡ್ ಡಿಸ್ಕಿನಿಂದ ಓಡಿದವು. ಏನೂ ಕೆಡಲಿಲ್ಲ, ಸ್ಟೀಲಿನ ಡಬ್ಬಿಯ ಮುಚ್ಚಳ ತೆರೆಯುವ ಪ್ರಸಂಗವೂ ಬರಲಿಲ್ಲ. ಡಬ್ಬಿಯ ಕೆಳಗಿನ ಒಂದು ಸ್ಕ್ರೂ ತೆಗೆದು ಹೊಸ ಬ್ಯಾಟರಿ ಹಾಕಿದ. ಈಗ ಗೋಡೆಯ ಸ್ವಿಚ್ಚು ಆರಿಸಿದರೂ ತಾರೀಖು ನಿಲ್ಲುತ್ತದೆ. ಅಜ್ಜಿ ಮತ್ತೆ ಬೌಲಿಂಗ್ ಆಡುತ್ತಾರೆ, ಮೊಮ್ಮಗನ ಜೊತೆ. ಅವರು ಎಷ್ಟು ಹೊತ್ತು ಆಡಿದರೆಂದು ಯಂತ್ರ ಸರಿಯಾದ ದಿನದ ಕೆಳಗೆ ಬರೆದಿಡುತ್ತದೆ.

ಚೀಟಿಗಳ ತಾರೀಖನ್ನು ಸರಿಪಡಿಸಬಹುದೇ ಎಂದು ಹುಡುಗ ಒಮ್ಮೆ ಕೇಳಿದ. ಪ್ರತಿ ಕೈಯಲ್ಲಿದೆ, ಕೀಲಿಯೂ ಇದೆ, ಯಾವ ಚೀಟಿ ಯಾವ ವರ್ಷದ್ದೆಂದು ಅಂದಾಜು ಮಾಡಿ ಬದಲಿಸುವುದು ಅಸಾಧ್ಯವೇನಲ್ಲ. ಅಂದಾಜಿನ ತಾರೀಖು ಹಾಕಿದ ಕಾಗದವನ್ನು ಅಜ್ಜ ಯಾವತ್ತೂ ಪಾಸು ಮಾಡುತ್ತಿರಲಿಲ್ಲ ಎಂದು ತಾಯಿ ಹೇಳಿದರು. ಒಂಬತ್ತೂ ಚೀಟಿ 2000ದ ಜನವರಿ 1ರ ಮೇಲೆಯೇ ಇವೆ. ಆ ದಿನ ಅಜ್ಜ ಇನ್ನೂ ಬ್ಯಾಂಕಿನಲ್ಲಿದ್ದರು, ಹುಡುಗ ಹುಟ್ಟಿರಲಿಲ್ಲ, ವೀ ಎಂಬ ಯಂತ್ರ ಜಗತ್ತಿನಲ್ಲಿರಲಿಲ್ಲ.